ತೋಟದ ಆಫೀಸಿನ ಹಳೇ ನೆಟ್‌ಬುಕ್‌ಗೆ ಯಾವ ಡೆಸ್ಕ್‌ಟಾಪ್?

ಸೋಮವಾರಪೇಟೆ ರೈಟರ್:
ಆಟಮ್ ಎನ್270, 1 ಜಿಬಿ ರ್‍ಯಾಮ್, ಈಗ ವಿಂಡೋಸ್ ಎಕ್ಸ್‌ಪಿ ಇದೆ. ಚೆಕ್‌ರೋಲ್ (ಆಳುಗಳ ಹಾಜರಿ-ಕೂಲಿ ಪಟ್ಟಿ) ಬರೆಯೋದು, ಕನ್ನಡದಲ್ಲಿ ಪತ್ರ ಟೈಪ್ ಮಾಡೋದು, ಅಪರೂಪಕ್ಕೆ ಮೇಲ್ ನೋಡೋದು, ಇಷ್ಟೇ ಕೆಲಸ. ಹಳೇ ನುಡಿ (ಕನ್ನಡ ಟೈಪಿಂಗ್ ತಂತ್ರಾಂಶ) ಫೈಲುಗಳೂ ತೆರೆಯಬೇಕು. ಲಿನಕ್ಸ್ ಹಾಕಿದರೆ ಎಲ್‌ಎಕ್ಸ್‌ಡಿಇ ಅನ್ನೋ ಹಗುರ ಡೆಸ್ಕ್‌ಟಾಪ್ (ಪರದೆಯ ಮೆನು, ಕಿಟಕಿಗಳ ವ್ಯವಸ್ಥೆ) ಸಾಕಾ, ಇನ್ನೂ ಹಗುರದ್ದು ಬೇಕಾ?

ಕುಶಾಲನಗರ ಸಿಸ್ಟಂ:
ಸರ್, ಎನ್270 ಬರೀ 32 ಬಿಟ್. ಡೆಬಿಯನ್ ಅನ್ನೋ ಲಿನಕ್ಸ್‌ನ 13ನೇ ಆವೃತ್ತಿಯಲ್ಲಿ ಅದಕ್ಕೆ ಇನ್‌ಸ್ಟಾಲರ್ ಇಲ್ಲ, 12ರ ಐ386 (32 ಬಿಟ್) ಇಮೇಜ್ ತಗೊಳ್ಳಿ. ಇನ್‌ಸ್ಟಾಲ್ ಕೊನೆಗೆ ಬರೋ ಸಾಫ್ಟ್‌ವೇರ್ ಪಟ್ಟಿಯಲ್ಲಿ ಡೆಸ್ಕ್‌ಟಾಪ್, ಗ್ನೋಮ್ ಎರಡರ ಟಿಕ್ಕೂ ತೆಗೀರಿ. ಮರೆತರೆ ಗ್ನೋಮ್ ಅನ್ನೋ ಭಾರದ ಡೆಸ್ಕ್‌ಟಾಪ್ ಪೂರ್ತಿ ಬಂದು ಕೂರುತ್ತೆ, 1 ಜಿಬಿಯಲ್ಲಿ ಅದು ಏಳಲ್ಲ. ಆಮೇಲೆ ಎಕ್ಸ್‌ಆರ್ಗ್ (ಪರದೆಗೆ ಚಿತ್ರ ತರೋ ಎಕ್ಸ್ ವ್ಯವಸ್ಥೆ), ಐಸ್‌ಡಬ್ಲ್ಯುಎಂ (ಕಿಟಕಿ ನಿರ್ವಾಹಕ), ಲೈಟ್‌ಡಿಎಂ (ಲಾಗಿನ್ ಪರದೆ), ಪಿಸಿಮ್ಯಾನ್‌ಎಫ್‌ಎಂ (ಫೈಲ್ ಮ್ಯಾನೇಜರ್) ಹಾಕಿ. ಓಪನ್‌ಬಾಕ್ಸ್ ಅನ್ನೋ ಇನ್ನೊಂದು ಕಿಟಕಿ ನಿರ್ವಾಹಕಕ್ಕೆ ಪ್ಯಾನಲ್ ಬೇರೆ ಹಾಕಬೇಕು. ಐಸ್‌ಡಬ್ಲ್ಯುಎಂನಲ್ಲಿ ಟಾಸ್ಕ್‌ಬಾರ್, ಮೆನು ಜೊತೆಗೇ ಬರುತ್ತೆ. ಎಕ್ಸ್‌ಪಿ ರೂಢಿ ಇರೋರಿಗೆ ಅದೇ ಒಗ್ಗೋದು.

ಡೆಸ್ಕ್‌ಟಾಪ್ ಎಷ್ಟೇ ಹಗುರ ಇರಲಿ, ರ್‍ಯಾಮ್ ತಿನ್ನೋದು ಬ್ರೌಸರ್. ಸ್ಲಾಟ್ ಇದ್ದರೆ ಡಿಡಿಆರ್2 2 ಜಿಬಿ ಹಾಕಿಸಿ, ಈ ಚಿಪ್‌ಸೆಟ್‌ಗೆ ಸಾಮಾನ್ಯವಾಗಿ ಅದೇ ಮಿತಿ. ಕೆಲವು ಮಾಡೆಲ್‌ಗಳಲ್ಲಿ ರ್‍ಯಾಮ್ ಬೋರ್ಡಿಗೇ ಬೆಸುಗೆ ಹಾಕಿರ್ತಾರೆ, ಕೊಳ್ಳೋ ಮೊದಲು ಬಿಚ್ಚಿ ನೋಡಿ. ಝಡ್‌ರ್‍ಯಾಮ್-ಟೂಲ್ಸ್ (ರ್‍ಯಾಮ್‌ನಲ್ಲೇ ಡೇಟಾ ಕುಗ್ಗಿಸಿಡೋ ಪ್ಯಾಕೇಜ್) ಹಾಕಿ, ಅದಕ್ಕೆ ರ್‍ಯಾಮ್‌ನ ಶೇ. 50 ಕೊಡಿ. ಚೆಕ್‌ರೋಲ್‌ಗೆ ಗ್ನುಮೆರಿಕ್ ಸ್ಪ್ರೆಡ್‌ಶೀಟ್ ಸಾಕು, ಲಿಬ್ರೆಆಫೀಸ್‌ನಲ್ಲಿ ರೈಟರ್ ಒಂದನ್ನೇ ಹಾಕಿ.

ವಿರಾಜಪೇಟೆ ಟೈಪಿಂಗ್:
ಕನ್ನಡಕ್ಕೆ ಫಾಂಟ್ಸ್-ಕೆಎನ್‌ಡಿಎ ಪ್ಯಾಕೇಜ್ ಹಾಕಿ; ಲೋಹಿತ್, ನವಿಲು, ಗುಬ್ಬಿ ಒಟ್ಟಿಗೆ ಬರುತ್ತೆ. ಎಕ್ಸ್‌ಟರ್ಮ್‌ನಲ್ಲಿ (ಕಮಾಂಡ್ ಟೈಪ್ ಮಾಡೋ ಕಿಟಕಿ) ಒತ್ತಕ್ಷರ ಒಡೆದು ಕಂಡರೆ ಫಾಂಟ್ ಬದಲಿಸುತ್ತಾ ಕೂರಬೇಡಿ, ಒತ್ತಕ್ಷರ ಜೋಡಿಸೋ ವ್ಯವಸ್ಥೆಯೇ ಅದರಲ್ಲಿಲ್ಲ. ಹಳೇ ನುಡಿ ಫೈಲುಗಳು ಯುನಿಕೋಡ್ ಅಲ್ಲ. ಎಕ್ಸ್‌ಪಿ ಅಳಿಸೋ ಮೊದಲು ವಿಂಡೋಸ್ ಫಾಂಟ್ಸ್ ಫೋಲ್ಡರ್‌ನಿಂದ ನುಡಿ ಟಿಟಿಎಫ್‌ಗಳನ್ನು ಪೆನ್‌ಡ್ರೈವ್‌ಗೆ ಎತ್ತಿಡಿ, ಇಲ್ಲದಿದ್ದರೆ ಪತ್ರಗಳೆಲ್ಲ ಇಂಗ್ಲಿಷ್ ಚಿಹ್ನೆಗಳ ರಾಶಿಯಾಗಿ ಕಾಣ್ತವೆ.

ಟೈಪಿಂಗ್‌ಗೆ ಐಬಸ್ ಅನ್ನೋ ಬೇರೆ ಇನ್‌ಪುಟ್ ತಂತ್ರಾಂಶ ಬೇಕಿಲ್ಲ. ಎಕ್ಸ್‌ನಲ್ಲೇ ಕ.ಗ.ಪ. (ನುಡಿಯ) ಕೀಬೋರ್ಡ್ ಲೇಔಟ್ ಇದೆ. ಲೇಔಟ್ ಬದಲಿಸೋ ಸೆಟ್‌ಎಕ್ಸ್‌ಕೆಬಿಮ್ಯಾಪ್ ಕಮಾಂಡಿನ ಸಾಲನ್ನು ಐಸ್‌ಡಬ್ಲ್ಯುಎಂನ ಸ್ಟಾರ್ಟಪ್ ಫೈಲಿಗೆ ಸೇರಿಸಿ, ಆಲ್ಟ್-ಶಿಫ್ಟ್‌ನಲ್ಲಿ ಭಾಷೆ ಬದಲಾಗೋ ಹಾಗೆ.

ಸೋಮವಾರಪೇಟೆ ರೈಟರ್:
ಸಾಲು ಕೈಯಲ್ಲಿ ಕೊಟ್ಟರೆ ಕನ್ನಡ ಬರುತ್ತೆ, ರೀಬೂಟ್ ಆದ್ಮೇಲೆ ಮತ್ತೆ ಇಂಗ್ಲಿಷೇ. ಅಪ್‌ಡೇಟ್ ಕೊಟ್ಟರೆ ರಿಲೀಸ್ ಫೈಲ್ ಇನ್ನೂ ಮಾನ್ಯವಲ್ಲ ಅಂತ ಎರರ್.

ಕುಶಾಲನಗರ ಸಿಸ್ಟಂ:
ಸ್ಟಾರ್ಟಪ್ ಫೈಲಿಗೆ ಎಕ್ಸಿಕ್ಯೂಟ್ ಅನುಮತಿ ಇಲ್ಲದಿದ್ದರೆ ಐಸ್‌ಡಬ್ಲ್ಯುಎಂ ಅದನ್ನು ಓಡಿಸಲ್ಲ. ಪಿಸಿಮ್ಯಾನ್‌ಎಫ್‌ಎಂನಲ್ಲಿ ಫೈಲಿನ ಪ್ರಾಪರ್ಟೀಸ್‌ಗೆ ಹೋಗಿ ಕೊಡಿ.

ಎರಡನೇದು ಗಡಿಯಾರದ ತೊಂದರೆ. ಬೋರ್ಡಿನ ಬಟನ್ ಸೆಲ್ ಸತ್ತು, ಲ್ಯಾಪ್‌ಟಾಪ್ ಬ್ಯಾಟರಿಯೂ ನಿಲ್ಲದಿದ್ದರೆ, ಕರೆಂಟ್ ಹೋದಾಗಲೆಲ್ಲ ತಾರೀಕು ಹಿಂದಕ್ಕೆ ಹೋಗುತ್ತೆ. ಮಳೆಗಾಲದಲ್ಲಿ ನಮ್ಮ ಕಡೆ ಇದು ದಿನವೂ ಆಗುತ್ತೆ. ತಾರೀಕು ತಪ್ಪಿದ್ದರೆ ಮೇಲ್ ಸೈಟೂ ಸರ್ಟಿಫಿಕೇಟ್ ಎರರ್ ಕೊಡುತ್ತೆ. ಸದ್ಯಕ್ಕೆ ಬಯೋಸ್‌ನಲ್ಲಿ ತಾರೀಕು ಸರಿಮಾಡಿ, ಸೆಲ್ ಬದಲಿಸಿ. ನೆಟ್‌ಬುಕ್‌ಗಳಲ್ಲಿ ಹಲವಕ್ಕೆ ವೈರ್ ಇರೋ ಸೆಲ್ ಬರುತ್ತೆ, ಹಳೇದನ್ನೇ ಅಂಗಡಿಗೆ ಒಯ್ದು ತೋರಿಸಿ.