ಫಿಕ್ಹ್ (ಇಸ್ಲಾಮಿಕ್ ಕಾನೂನು) ಪುಸ್ತಕಕ್ಕೆ 297ಓ, 340ಓ?

ಪ್ರಶ್ನೆ: ಕಾಸರಗೋಡಿನ ಹತ್ತಿರ ಸಣ್ಣ ವಾಚನಾಲಯ ನೋಡಿಕೊಳ್ಳುತ್ತೇನೆ. ಒಬ್ಬರು ಎರಡು ಪೆಟ್ಟಿಗೆ ಇಸ್ಲಾಮಿಕ್ ಕಾನೂನಿನ ಪುಸ್ತಕ ಕೊಟ್ಟರು. ಮೊದಲ ದಿನವೇ ಎಡವಟ್ಟು: ಅರಬಿ ಪುಸ್ತಕದ ಕೊನೆಯ ಪುಟವನ್ನೇ ಮೊದಲನೆಯದು ಅಂದುಕೊಂಡು ಸೀಲು ಹೊಡೆದೆ! ವಿಷಯಕ್ಕೊಂದು ಸಂಖ್ಯೆ ಕೊಟ್ಟು ಪುಸ್ತಕ ಜೋಡಿಸುವ ಡ್ಯೂಯಿ ಪದ್ಧತಿಯಲ್ಲಿ ಇವನ್ನು ಧರ್ಮದಲ್ಲಿ (ಇಸ್ಲಾಮಿನ 297) ಇಡಬೇಕಾ, ಕಾನೂನಿನಲ್ಲಾ (340)?

ಉತ್ತರ 1: ಎರಡೂ ಕಡೆ ಮಾರಾಯ್ರೆ. ನಮಾಜು, ಉಪವಾಸದ ವಿಧಿ ಜಾಸ್ತಿ ಇದ್ದರೆ 297. ಕಾನೂನು ಪದ್ಧತಿಯಾಗಿ ನೋಡುವಂಥದ್ದು 340.59. ಭಾರತದ ಕೋರ್ಟಿನ ಮದುವೆ, ತಲಾಖ್ ವಿಷಯ, ಅಂದರೆ 1937ರ ಶರೀಅತ್ ಕಾಯ್ದೆಯಂಥವು, 346.54ರ ಕೆಳಗೆ. ಕಷ್ಟ ಏನಂದ್ರೆ, ಹಳೆಯ ಫಿಕ್ಹ್ ಗ್ರಂಥ ವುಜೂವಿನಿಂದ (ನಮಾಜಿಗೆ ಮುಂಚೆ ಕೈಕಾಲು, ಮುಖ ತೊಳೆಯುವುದು) ಶುರುವಾಗಿ ವ್ಯಾಪಾರ, ಆಸ್ತಿ ಪಾಲಿನವರೆಗೂ ಹೋಗುತ್ತದೆ. ಒಂದು ಕಡೆ ಗಟ್ಟಿಯಾಗಿ ನಿಲ್ಲಿ, ಆ ನಿರ್ಧಾರ ಬರೆದಿಡಿ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಪದ್ಧತಿಯಲ್ಲಾದರೆ ಇಸ್ಲಾಮಿಕ್ ಕಾನೂನಿಗೇ ಕೆಬಿಪಿ ಅಂತ ಬೇರೆ ವಿಭಾಗ ಇದೆ.

ಉತ್ತರ 2: ಮಝ್‌ಹಬ್, ಅಂದರೆ ಯಾವ ಕಾನೂನು ಪಂಥದ ಪುಸ್ತಕ ಅನ್ನೋದನ್ನೂ ನಮೂದಿಸಿ. ನಮ್ಮ ಕರಾವಳಿಯಲ್ಲಿ ಶಾಫಿಈಯೇ ಹೆಚ್ಚು. ಕೇರಳದ ಪೊನ್ನಾನಿಯ ವಿದ್ವಾಂಸ ಝೈನುದ್ದೀನ್ ಮಖ್ದೂಮರ ಶಾಫಿಈ ಫಿಕ್ಹ್ ಗ್ರಂಥ ‘ಫತ್‌ಹುಲ್ ಮುಈನ್’ ಇದ್ದರೆ ಅದರ ವ್ಯಾಖ್ಯಾನವನ್ನು ಪಕ್ಕದಲ್ಲೇ ಇಡಿ. ಲೇಖಕರ ಹೆಸರನ್ನು ಒಬ್ಬೊಬ್ಬರು ಒಂದೊಂದು ಥರ ಬರೆಯುತ್ತಾರೆ. ಒಂದನ್ನು ಆರಿಸಿ, ಉಳಿದವುಗಳಿಂದ ‘ಇಲ್ಲಿ ನೋಡಿ’ ಕಾರ್ಡು ಹಾಕಿ. ಮತ್ತೆ, ಅರಬಿ ಮಲಯಾಳ ಅಂದ್ರೆ ಲಿಪಿ ಮಾತ್ರ ಅರಬಿ. ಭಾಷೆ ಮಲಯಾಳ.

ಪ್ರಶ್ನೆ ಕೇಳಿದವರು: ಅಯ್ಯೋ, ಅಂಥ ಆರು ಪುಸ್ತಕ ಅರಬಿ ಕಪಾಟಿನಲ್ಲಿ ಕೂತಿವೆ. ನಾಳೆ ಇಳಿಸಬೇಕು.