ಮೇಷ್ಟ್ರ ಹೆಸರು ಕರಪತ್ರದಲ್ಲಿ ಇರಬೇಕೇ?

ಓದುಗರ ಸ್ಪಂದನ

ಕಳೆದ ಸಲ ಬಂದ ಪತ್ರ, ಚಿಕ್ಕದಾಗಿ: "ನಾನು ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕ. 2020ರ ಡಿಸೆಂಬರ್‌ನ ಗ್ರಾಮ ಪಂಚಾಯಿತಿ ಚುನಾವಣೆಯಲ್ಲಿ ನನ್ನ ಹಳೇ ಶಿಷ್ಯನೊಬ್ಬನಿಗೆ ಮತ ಹಾಕಿದೆ. ಶಿಷ್ಯ ಅಂತ ಹಾಕಲಿಲ್ಲ. ನಾನು ಮೂವತ್ತು ವರ್ಷ ನಂಬಿಕೊಂಡು ಬಂದ ಪಕ್ಷದವರು 'ಇವನು ನಮ್ಮ ಬೆಂಬಲಿತ ಅಭ್ಯರ್ಥಿ' ಅಂದರು, ಹಾಕಿದೆ. ಗೆದ್ದ. ಅಧ್ಯಕ್ಷರ ಆಯ್ಕೆ ಹೊತ್ತಿಗೆ ಎದುರು ಗುಂಪಿನ ಜೊತೆ ಪ್ರವಾಸ ಹೋದ, ಬಂದವನು ಅವರ ಕಡೆಯವನೇ ಆಗಿದ್ದ. ಈಗ ಮತ್ತೆ ಚುನಾವಣೆ ಮಾತು. ಇನ್ನೊಬ್ಬರು ಬಂದು, ಕರಪತ್ರದ ಕೆಳಗೆ 'ಬೆಂಬಲಿಸುವವರು' ಅಂತ ನನ್ನ ಹೆಸರು ಹಾಕುತ್ತೇವೆ ಅನ್ನುತ್ತಿದ್ದಾರೆ. ಯಾರದೋ ಬೆಂಬಲ ನಂಬಿ ನಾನು ಬೇಸ್ತು ಬಿದ್ದೆ. ನಾಳೆ ನನ್ನ ಬೆಂಬಲ ನಂಬಿ ಇನ್ಯಾರೋ ಬೇಸ್ತು ಬೀಳಬೇಕಾ? ಮತಗಟ್ಟೆ ಕಡೆ ತಲೆ ಹಾಕುವುದೇ ಬೇಡ ಅನ್ನಿಸಿದೆ. ಏನು ಮಾಡಲಿ?"

ಬಂದ ಉತ್ತರಗಳಲ್ಲಿ ಕೆಲವು ಇಲ್ಲಿವೆ.

*

ಮೇಷ್ಟ್ರೇ, ನಿಮ್ಮ ಶಿಷ್ಯ ಕೂತ ಜಾಗದಲ್ಲಿ ನಾನೂ ಕೂತಿದ್ದೆ. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಮಹಿಳಾ ಮೀಸಲು ಸ್ಥಾನಕ್ಕೆ ನಿಂತವಳು. ನಮ್ಮ ಸ್ವಸಹಾಯ ಸಂಘದ ಹೆಂಗಸರು ದುಡ್ಡು ಕೂಡಿಸಿ ಕರಪತ್ರ ಅಚ್ಚು ಹಾಕಿಸಿದ್ದರು. ಅದರಲ್ಲಿ ಯಾವ ಪಕ್ಷದ ಹೆಸರೂ ಇರಲಿಲ್ಲ. ನಾಮಪತ್ರ ಹಾಕಿ ಬಂದು ಸಂಜೆ ಮುದ್ದೆ ತೊಳಸುತ್ತಿದ್ದೆ. ಪಕ್ಕದ ಮನೆಯವರು ಬಂದು, "ಏನಮ್ಮಾ, ನೀನು ಅವರ ಕಡೆ ಅಂತೆ?" ಅಂದರು. ಯಾರ ಕಡೆ ಅಂತ ನನಗೇ ಗೊತ್ತಿಲ್ಲ! ವಾಟ್ಸ್‌ಆ್ಯಪ್‌ನಲ್ಲಿ ಒಂದು ಪಟ್ಟಿ ಓಡಾಡುತ್ತಿತ್ತು, ಅದರಲ್ಲಿ ನನ್ನ ಹೆಸರು. ನನ್ನನ್ನು ಕೇಳಿದವರಿಲ್ಲ, ನನಗೆ ಹೇಳಿದವರಿಲ್ಲ. ಎಣಿಕೆ ದಿನ ಎರಡು ಪಕ್ಷದ ಮುಖಂಡರೂ ಬಂದು ಹಾರ ಹಾಕಿ ಫೋಟೊ ತೆಗೆಸಿಕೊಂಡರು. ಆ ಸಲ ಫಲಿತಾಂಶ ಬಂದಾಗ ಒಂದೊಂದು ಪಕ್ಷವೂ "ನಮ್ಮ ಬೆಂಬಲಿತರೇ ಜಾಸ್ತಿ ಗೆದ್ದಿದ್ದಾರೆ" ಅಂದಿತಲ್ವಾ? ನಾನು ಎರಡು ಕಡೆ ಲೆಕ್ಕದಲ್ಲೂ ಇದ್ದೆ ಅಂತ ಕಾಣುತ್ತದೆ.

ನಮ್ಮದು ಹದಿನೇಳು ಜನರ ಪಂಚಾಯಿತಿ. ಅಧ್ಯಕ್ಷರಾಗಲು ಒಂಬತ್ತು ಬೇಕು. ಅಲ್ಲಿ ಎಂಟು, ಇಲ್ಲಿ ಎಂಟು, ಮಧ್ಯೆ ನಾನೊಬ್ಬಳು. ಒಂದು ದಿನ ಬೆಳಿಗ್ಗೆ ಟೆಂಪೊ ಟ್ರಾವೆಲರ್ ಬಂತು. ಧರ್ಮಸ್ಥಳ, ಕುಕ್ಕೆ, ಶೃಂಗೇರಿ. ದೇವರ ದರ್ಶನ ಅಂದರು. ಹತ್ತಿದ ಮೇಲೆ ಮೊಬೈಲ್ ಇಸ್ಕೊಂಡರು. ನಾಲ್ಕನೇ ದಿನ ಚುನಾವಣೆಗೆ ಒಂದು ಗಂಟೆ ಮುಂಚೆ ಪಂಚಾಯಿತಿ ಕಟ್ಟೆ ಮುಂದೆ ಇಳಿಸಿದರು.

ನಾನು ಯಾಕೆ ಹತ್ತಿದೆ ಅಂತ ಕೇಳುತ್ತೀರಿ. ದುಡ್ಡಿಗಲ್ಲ. ನಮ್ಮ ಕೇರಿಯಲ್ಲಿ ಮಳೆಗಾಲಕ್ಕೆ ಟಾರ್ಪಾಲ್ ಹೊದಿಸುವ ಮನೆಗಳೇ ಜಾಸ್ತಿ. ಫಲಾನುಭವಿ ಪಟ್ಟಿ ಗ್ರಾಮಸಭೆಯಲ್ಲಿ ಆಗಬೇಕು ಅಂತ ಕಾನೂನಿದೆ, ಸರಿ. ಆದರೆ ಪಂಚಾಯಿತಿಗೆ ಎಷ್ಟು ಮನೆ ಅನ್ನುವುದು ಮೇಲಿಂದ ಬರುತ್ತದೆ. "ಆ ಕಡೆ ಇದ್ದರೆ ಮನೆ ಬರುತ್ತೆ, ಈ ಕಡೆ ಇದ್ದರೆ ಕಾಗದ ಬರುತ್ತೆ" ಅಂತ ಒಬ್ಬರು ಮುಖಕ್ಕೆ ಹೇಳಿದರು. ಹತ್ತಿದೆ. ಐದು ವರ್ಷದಲ್ಲಿ ನಾಲ್ಕು ಮನೆ ಬಂತು. ಮಾಡಿದ್ದು ಸರಿಯೋ ತಪ್ಪೋ ಇವತ್ತಿಗೂ ನನಗೆ ಬಗೆಹರಿದಿಲ್ಲ. ನಮ್ಮ ಸಂಘದ ಇಬ್ಬರು ಹೆಂಗಸರು ಈಗಲೂ ನನ್ನ ಹತ್ತಿರ ಮಾತಾಡುವುದಿಲ್ಲ.

ನಿಮ್ಮ ಶಿಷ್ಯ ಬರೀ ದುಡ್ಡಿಗೇ ಹೋಗಿರಬಹುದು. ನನಗೇನು ಗೊತ್ತು? ಒಂದು ಸಲ ಮನೆಗೆ ಕರೆದು, ಕೂರಿಸಿ, "ಯಾಕಪ್ಪಾ ಹೋದೆ?" ಅಂತ ಕೇಳಿ. ಪಾಠ ಹೇಳಿಕೊಟ್ಟ ಮೇಷ್ಟ್ರ ಎದುರು ಕೂತು ಸುಳ್ಳು ಹೇಳುವುದು ಅಷ್ಟು ಸುಲಭ ಅಲ್ಲ.

— ಮಾಜಿ ಸದಸ್ಯೆ, ಹಾಸನ ಜಿಲ್ಲೆ

*

ಮೇಷ್ಟ್ರೇ, ನಾನೂ ನಿಮ್ಮ ಹಾಗೇ ಚುನಾವಣೆ ಕೆಲಸಕ್ಕೆ ಹೋಗಿ ಬಂದವನು. ನಾಲ್ಕು ಪಂಚಾಯಿತಿ ಚುನಾವಣೆ ನೋಡಿದ್ದೇನೆ. ಪಂಚಾಯಿತಿ ಮತಪತ್ರ ನೋಡಿದ್ದೀರಲ್ಲ? ಅಭ್ಯರ್ಥಿ ಹೆಸರು, ಪಕ್ಕದಲ್ಲಿ ಆಯೋಗ ಕೊಟ್ಟ ಗುರುತು, ಅಷ್ಟೇ. ಪಕ್ಷ ಅನ್ನುವುದು ಅದರಲ್ಲಿ ಎಲ್ಲೂ ಇಲ್ಲ. ಕಾನೂನಿನ ಲೆಕ್ಕದಲ್ಲಿ ನಿಮ್ಮ ಶಿಷ್ಯ ಯಾವ ಪಕ್ಷದಿಂದಲೂ ಗೆದ್ದವನಲ್ಲ. ಆದ್ದರಿಂದ ಯಾವ ಪಕ್ಷವನ್ನೂ ಬಿಟ್ಟುಹೋದವನೂ ಅಲ್ಲ! ತಾಲ್ಲೂಕು, ಜಿಲ್ಲಾ ಪಂಚಾಯಿತಿಗೆ, ಪುರಸಭೆ ನಗರಸಭೆಗೆ ಪಕ್ಷಾಂತರ ತಡೆಯಲು 1987ರ ಕಾಯ್ದೆ ಇದೆ. ಗ್ರಾಮ ಪಂಚಾಯಿತಿಯಲ್ಲಿ ವಿಪ್, ಅಂದರೆ ಹೀಗೇ ಮತ ಹಾಕಬೇಕು ಅನ್ನುವ ಪಕ್ಷದ ಅಪ್ಪಣೆ, ಕೊಡುವುದಕ್ಕೆ ಪಕ್ಷವೇ ಇಲ್ಲವಲ್ಲ. "ನಮ್ಮ ಬೆಂಬಲಿತ" ಅಂದವರಿಗೆ ಅವನನ್ನು ಹಿಡಿದು ನಿಲ್ಲಿಸುವ ಹಗ್ಗ ಇಲ್ಲ. ಇಲ್ಲ ಅಂತ ಅವರಿಗೆ ಮೊದಲೇ ಗೊತ್ತು. ಮತದಾರನಿಗೆ ಮಾತ್ರ ಹೇಳುವುದಿಲ್ಲ.

ಇನ್ನೊಂದು ವಿಷಯ. ನಮ್ಮ ಬಹಳಷ್ಟು ಕ್ಷೇತ್ರಗಳಲ್ಲಿ ಎರಡು, ಮೂರು ಸ್ಥಾನ ಇರುತ್ತವೆ. ಎಷ್ಟು ಸ್ಥಾನವೋ ಅಷ್ಟು ಮತ ನಿಮ್ಮವು, ಒಬ್ಬರಿಗೆ ಒಂದೇ. ಗುಂಪಿನವರು ಏನು ಮಾಡುತ್ತಾರೆ? ಮೂರು ಗುರುತು ಒಟ್ಟಿಗೆ ಅಚ್ಚು ಹಾಕಿಸಿ, "ಈ ಮೂರಕ್ಕೇ ಒತ್ತಿ" ಅಂತ ಮನೆಮನೆಗೆ ಚೀಟಿ ಹಂಚುತ್ತಾರೆ. ಮೂರರಲ್ಲಿ ಒಬ್ಬ ಒಳ್ಳೆಯವನು ಇರುತ್ತಾನೆ. ಉಳಿದ ಇಬ್ಬರು ಅವನ ಹೆಗಲ ಮೇಲೆ ಕೂತು ದಾಟುತ್ತಾರೆ. ಒಬ್ಬರನ್ನು ಈ ಗುಂಪಿನಿಂದ, ಒಬ್ಬರನ್ನು ಆ ಗುಂಪಿನಿಂದ, ಇನ್ನೊಬ್ಬರನ್ನು ಯಾವ ಗುಂಪೂ ಇಲ್ಲದವರಿಂದ ಆರಿಸುವುದಕ್ಕೆ ಯಾರ ಅಡ್ಡಿಯೂ ಇಲ್ಲ. ಎಣಿಕೆ ಟೇಬಲ್ ಹತ್ತಿರ ಕೂತವನು ನಾನು. ಹಾಗೆ ಬಿಡಿಸಿ ಒತ್ತಿದ ಮತಪತ್ರ ಬಂದರೆ ಏಜೆಂಟರ ಮುಖ ನೋಡಬೇಕು ನೀವು!

ಮನೆಯಲ್ಲೇ ಕೂತರೆ ಆ ಚೀಟಿ ಹಂಚುವವರಿಗೆ ಒಂದು ತಲೆನೋವು ಕಮ್ಮಿ ಆಗುತ್ತದೆ, ಅಷ್ಟೇ.

— ನಿವೃತ್ತ ಮುಖ್ಯೋಪಾಧ್ಯಾಯ, ತುಮಕೂರು

*

ಮಾಷ್ಟ್ರೇ, ನಾವು ಗಡಿಯ ಈಚೆ, ಕೇರಳದಲ್ಲಿ ಇರುವ ಕನ್ನಡದವರು. ನಮ್ಮಲ್ಲಿ ಪಂಚಾಯತ್ ಚುನಾವಣೆಯೂ ಪಕ್ಷದ ಚಿಹ್ನೆಯ ಮೇಲೆಯೇ. ಗ್ರಾಮ, ಬ್ಲಾಕ್, ಜಿಲ್ಲೆ ಅಂತ ಒಂದೇ ದಿನ ಮೂರು ಮತ. ವಾರ್ಡಿಗೆ ಒಬ್ಬನೇ ಸದಸ್ಯ. ಯಾರ ಬೆಂಬಲಿತ ಅಂತ ಕಿವಿಯಲ್ಲಿ ಹೇಳುವ ಕೆಲಸವೇ ಇಲ್ಲ, ಗೋಡೆಯ ಮೇಲೆ ಬರೆದಿರುತ್ತದೆ. ಪಕ್ಷ ಬಿಟ್ಟು ಆಚೆ ಹಾರಿದರೆ 1999ರ ಕಾಯ್ದೆ ಪ್ರಕಾರ ಸದಸ್ಯತ್ವ ಹೋಗುತ್ತದೆ. ಸ್ವತಂತ್ರನಾಗಿ ಗೆದ್ದವನು ಆಮೇಲೆ ಪಕ್ಷ ಸೇರಿದರೂ ಹೋಗುತ್ತದೆ. ಪಂಚಾಯತ್ ಚುನಾವಣೆಯಲ್ಲಿ ಪಕ್ಷಗಳು ರಾಜಾರೋಷವಾಗಿ ಇರಲಿ ಅಂತ, ಪಂಚಾಯತ್ ಸುಧಾರಣೆಗೆ ಕೇಂದ್ರ ಸರ್ಕಾರ ನೇಮಿಸಿದ್ದ ಅಶೋಕ್ ಮೆಹ್ತಾ ಸಮಿತಿ 1978ರಲ್ಲೇ ಹೇಳಿತ್ತು. ಪಶ್ಚಿಮ ಬಂಗಾಳದಲ್ಲಿಯೂ ಹೀಗೆಯೇ.

ಹಾಗಂತ ನಮ್ಮದು ರಾಮರಾಜ್ಯ ಅಂತ ತಿಳಿಯಬೇಡಿ. ಇಲ್ಲಿ ಯಾವ ಪಕ್ಷಕ್ಕೂ ಸೇರದ ಒಳ್ಳೆಯ ಮನುಷ್ಯನಿಗೆ ಗೆಲ್ಲುವುದು ಭಾರೀ ಕಷ್ಟ. ತೋಡಿಗೆ ಒಂದು ಕಾಲುಸಂಕ ಹಾಕಬೇಕಾದರೂ ಅದು ಯಾವ ಪಕ್ಷದವರ ಮನೆಯ ದಾರಿ ಅಂತ ನೋಡುತ್ತಾರೆ ಅನ್ನುವ ಬೈಗುಳ ಇದ್ದದ್ದೇ. ಆದರೂ ನನಗೆ ಇದೇ ವಾಸಿ ಅನ್ನಿಸುತ್ತದೆ. ಮೋಸ ಆದರೆ ಹೋಗಿ ಕೇಳುವುದಕ್ಕೆ ಒಂದು ಕಚೇರಿ, ಒಂದು ಬೋರ್ಡು ಇದೆ. ನಿಮ್ಮಲ್ಲಿ ಪಕ್ಷ ಇದೆ, ಬೋರ್ಡು ಇಲ್ಲ.

— ಓದುಗ, ಕಾಸರಗೋಡು

*

ಮಾಸ್ತರರೇ, ನಿಮ್ಮೂರಲ್ಲಿ ಬೆಂಬಲ ಕೇಳಲಿಕ್ಕಾದರೂ ಮನೆಗೆ ಬರುತ್ತಾರೆ. ನಮ್ಮೂರಿನ ಕಥೆ ಕೇಳಿ. ಹೋದ ಸಲ ಊರ ಹಿರಿಯರೆಲ್ಲ ಗುಡಿ ಕಟ್ಟೆಗೆ ಕೂತರು. "ಸುಮ್ನೆ ಜಗಳ ಯಾಕೆ, ಖರ್ಚು ಯಾಕೆ, ಅವಿರೋಧ ಮಾಡಿಬಿಡೋಣ" ಅಂದರು. ಕೇಳಲಿಕ್ಕೆ ಎಷ್ಟು ಚಲೋ ಅನ್ನಿಸಿತು! ಆಮೇಲೆ ಸವಾಲು ಶುರುವಾಯಿತು. ಗುಡಿ ಜೀರ್ಣೋದ್ಧಾರಕ್ಕೆ ಯಾರು ಜಾಸ್ತಿ ಕೊಡುತ್ತಾರೋ ಅವರಿಗೆ ಸೀಟು. ಜಾತ್ರೆಯ ತೆಂಗಿನಕಾಯಿ ಸವಾಲು ಕೂಗಿದ ಹಾಗೆ ಕೂಗಿದರು. ಉಳಿದವರು ನಾಮಪತ್ರ ಹಾಕುವ ಹಾಗಿಲ್ಲ. ನಮ್ಮ ಓಣಿಯ ಒಬ್ಬ ಹುಡುಗ ಪದವಿ ಓದಿದವನು, ನಿಲ್ಲುತ್ತೇನೆ ಅಂದ. "ಊರಿಗೆ ವಿರುದ್ಧ ಹೋಗುತ್ತೀಯಾ?" ಅಂತ ಅವರಪ್ಪನನ್ನು ಕರೆಸಿ ಕೂರಿಸಿದರು. ಮುಗಿಯಿತು. 2020ರಲ್ಲಿ ಹೀಗೆ ಬೇರೆ ಬೇರೆ ಜಿಲ್ಲೆಗಳಿಂದ ಸುದ್ದಿ ಬಂದು, ಹರಾಜು ಹಾಕಿದರೆ ಕೇಸು ಅಂತ ಚುನಾವಣಾ ಆಯೋಗ ಎಚ್ಚರಿಕೆ ಕೊಟ್ಟಿತ್ತು. ನಮ್ಮೂರಲ್ಲಿ ದೂರು ಕೊಡುವವರು ಯಾರು? ಕೊಡಬೇಕಾದವರೆಲ್ಲ ಕಟ್ಟೆ ಮೇಲೇ ಕೂತಿದ್ದರು.

ಗುಡಿಗೆ ಬಣ್ಣ ಆಗಿದೆ, ಸುಳ್ಳು ಹೇಳಬಾರದು. ಚರಂಡಿ ಇದ್ದಲ್ಲೇ ಇದೆ. ಕೇಳಲಿಕ್ಕೆ ಹೋದರೆ ಆ ಸದಸ್ಯ, "ನಾನು ನಿಮ್ಮ ವೋಟಿನಿಂದ ಬಂದಿಲ್ಲ, ರೊಕ್ಕ ಕೊಟ್ಟು ಬಂದಿದ್ದೇನೆ" ಅನ್ನುತ್ತಾನೆ. ಐದು ವರ್ಷ ನಾವು ವೋಟನ್ನೇ ಹಾಕಿಲ್ಲ. ನೀವು ಹಾಕಿ ಸಿಟ್ಟಾಗಿದ್ದೀರಿ. ನನಗೆ ನಿಮ್ಮ ಸಿಟ್ಟಿನ ಮೇಲೇ ಹೊಟ್ಟೆಕಿಚ್ಚು.

— ರೈತ, ಕಲಬುರಗಿ ಜಿಲ್ಲೆ

*

ಸರ್, ಬೆಂಗಳೂರಿನಿಂದ ಬರೆಯುತ್ತಿದ್ದೇನೆ. ನಾನು ಪಾಲಿಕೆಗೆ ಮೊದಲ ಸಲ ಮತ ಹಾಕಿದ್ದು 2015ರ ಆಗಸ್ಟ್‌ನಲ್ಲಿ. 2020ರ ಸೆಪ್ಟೆಂಬರ್‌ಗೆ ಆ ಪಾಲಿಕೆಯ ಅವಧಿ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಆಡಳಿತಾಧಿಕಾರಿ ಕೈಯಲ್ಲಿ. ವಾರ್ಡಿನ ಗಡಿ ಬರೆದರು, ಅಳಿಸಿದರು, ಮತ್ತೆ ಬರೆದರು. ಯಾರ ಬೆಂಬಲಿತ ಅಂತ ಸಿಟ್ಟು ಮಾಡಿಕೊಳ್ಳೋಣ ಅಂದರೂ ಕಾರ್ಪೊರೇಟರ್ ಅನ್ನುವ ಪ್ರಾಣಿಯೇ ಇರಲಿಲ್ಲ. ನಿಮ್ಮ ಶಿಷ್ಯ ಕೈಕೊಟ್ಟ ಅಂದಿರಲ್ಲ, ರಸ್ತೆಯಲ್ಲಿ ಎದುರು ಸಿಕ್ಕಾಗ ಅವನು ತಲೆ ತಗ್ಗಿಸುತ್ತಾನಾ? ನಮಗೆ ಆ ಭಾಗ್ಯವೂ ಇರಲಿಲ್ಲ.

— ಸಾಫ್ಟ್‌ವೇರ್ ಉದ್ಯೋಗಿ

*

ಎಲ್ಲರೂ ಸದಸ್ಯನ ಬಗ್ಗೆ ಬರೆಯುತ್ತಾರೆ ಅಂತ ಗೊತ್ತಿತ್ತು. ನೀವು ಕೇಳಿದ್ದು ಕರಪತ್ರದ ಬಗ್ಗೆ. ನಾನು ಅದಕ್ಕೆ ಮಾತ್ರ ಉತ್ತರ ಹೇಳುತ್ತೇನೆ. ನಾನು ಹೆಸರು ಕೊಟ್ಟು ನೋಡಿದವನು.

ನನ್ನದು ಊರಲ್ಲಿ ಸಣ್ಣ ಔಷಧಿ ಅಂಗಡಿ. 2015ರಲ್ಲಿ ಒಬ್ಬರಿಗೆ ಹೆಸರು ಕೊಟ್ಟೆ. ಪರಿಚಯದವರು, ಇಲ್ಲ ಅನ್ನಲಾಗಲಿಲ್ಲ. ಕರಪತ್ರದಲ್ಲಿ ನನ್ನ ಹೆಸರಿನ ಮುಂದೆ "ಸಮಾಜ ಸೇವಕರು" ಅಂತ ಬೇರೆ ಹಾಕಿದ್ದರು. ನನ್ನ ಹೆಂಡತಿ ನಕ್ಕಿದ್ದೇ ನಕ್ಕಿದ್ದು. ಅವರು ಗೆದ್ದರು. ಅಲ್ಲಿಂದ ನನ್ನ ಪಾಡು ಶುರು. ಬೀದಿದೀಪ ಹೋದರೆ ನನ್ನ ಅಂಗಡಿಗೆ ಬರುತ್ತಾರೆ. ನರೇಗಾ ಕೂಲಿ ಬರದಿದ್ದರೆ ನನ್ನ ಅಂಗಡಿಗೆ. ನೀರಿನ ಟ್ಯಾಂಕ್ ತೊಳೆಸಿಲ್ಲ ಅಂದರೂ ನನ್ನ ಅಂಗಡಿಗೆ. "ನೀವೇ ಹೇಳಿದ್ದಿರಲ್ಲ, ಹಾಕಿದ್ದೇವೆ. ಈಗ ಹೇಳಿ" ಅನ್ನುತ್ತಾರೆ. ಕೆಮ್ಮಿನ ಔಷಧಿ ಕೊಡುತ್ತಾ ಇದಕ್ಕೂ ಉತ್ತರ ಕೊಡಬೇಕು.

ಒಂದು ವರ್ಷ ಹೀಗೇ ಬೈಸಿಕೊಂಡ ಮೇಲೆ ತಲೆಕೆಟ್ಟು, ವಾರ್ಡಿನ ಮತದಾರರೆಲ್ಲ ಸೇರಬೇಕಾದ ವಾರ್ಡ್ ಸಭೆಗೆ ಹೋಗತೊಡಗಿದೆ. ಅಲ್ಲಿಯವರೆಗೆ ವಾರ್ಡ್ ಸಭೆ ಅಂತ ಒಂದು ಇದೆ ಅನ್ನುವುದೇ ನನಗೆ ಗೊತ್ತಿರಲಿಲ್ಲ. ಮೊದಲ ಸಭೆಯಲ್ಲಿ ಇದ್ದದ್ದು ಸದಸ್ಯರು, ಕಾರ್ಯದರ್ಶಿ, ನಾನು, ಮತ್ತೆ ಬಾಗಿಲಲ್ಲಿ ಒಂದು ನಾಯಿ. ಸಹಿ ಪುಸ್ತಕದಲ್ಲಿ ಮಾತ್ರ ಅರವತ್ತು ಜನ ಬಂದಿದ್ದರು! ಜನರ ದೂರನ್ನೆಲ್ಲ ಔಷಧಿ ಚೀಟಿಯ ಹಿಂದೆ ಬರೆದುಕೊಂಡು ಹೋಗುತ್ತಿದ್ದೆ, ಓದಿ ಹೇಳುತ್ತಿದ್ದೆ, ನಡಾವಳಿಯಲ್ಲಿ ಬರೆಸುತ್ತಿದ್ದೆ. ಸದಸ್ಯರಿಗೆ ನನ್ನ ಮೇಲೆ ಎಷ್ಟು ಕೋಪ ಅಂದರೆ, ಮಗಳ ಮದುವೆಗೆ ಕರೆಯಲಿಲ್ಲ. ಎರಡು ಬೀದಿಗೆ ದೀಪ ಬಂತು. ಟ್ಯಾಂಕ್ ಈಗಲೂ ಹೇಳಿ ಹೇಳಿಯೇ ತೊಳೆಸಬೇಕು.

2020ರಲ್ಲಿ ಇಬ್ಬರು ಹೆಸರು ಕೇಳಲು ಬಂದರು. "ಕೊಡುತ್ತೇನೆ, ಯಾಕೆ ಬೆಂಬಲಿಸುತ್ತಿದ್ದೇನೆ ಅಂತ ಹೆಸರಿನ ಪಕ್ಕ ನಾನೇ ಒಂದು ಸಾಲು ಬರೆಯುತ್ತೇನೆ. ಪ್ರತಿ ವಾರ್ಡ್ ಸಭೆಗೆ ಎರಡು ದಿನ ಮುಂಚೆ ಟಾಂಟಾಂ ಹೊಡೆಸುತ್ತಾರೆ, ಅದಕ್ಕೆ, ಅಂತ" ಅಂದೆ. ಒಬ್ಬರು ಕರಪತ್ರದಲ್ಲಿ ಜಾಗ ಇಲ್ಲ ಅಂದರು. ಇನ್ನೊಬ್ಬರು ಒಪ್ಪಿ, ಅಚ್ಚು ಹಾಕಿಸಿ, ಸೋತರು.

ಹೋದ ವಾರ ಮತ್ತೆ ಒಬ್ಬರು ಬಂದಿದ್ದರು. ಚಹಾ ತರಿಸಿದೆ, ಅದೇ ಮಾತು ಹೇಳಿದೆ. ಯೋಚನೆ ಮಾಡಿ ಹೇಳುತ್ತೇನೆ ಅಂತ ಹೋಗಿದ್ದಾರೆ.

— ಔಷಧಿ ಅಂಗಡಿಯವನು, ಚಿತ್ರದುರ್ಗ ಜಿಲ್ಲೆ