ಫಿಕ್ಸೆಡ್ ಗೇರ್: ಚೈನ್ ಟಗ್ ಹಾಕಿದ ಮೇಲೂ ಹಿಂದಿನ ಚಕ್ರ ಜರುಗುತ್ತಿದೆ

ಕೇಳಿದವರು:

ಎಲ್ಲರಿಗೂ ನಮಸ್ಕಾರ. ಎರಡು ವಾರದಿಂದ ಇದೇ ತೊಂದರೆ, ಯಾರಾದರೂ ದಾರಿ ತೋರಿಸಿ. ಹಳೇ ಸ್ಟೀಲ್ ಟ್ರ್ಯಾಕ್ ಫ್ರೇಮಿಗೆ ಹೊಸದಾಗಿ ಪೇಂಟ್ ಮಾಡಿಸಿ ಫಿಕ್ಸೆಡ್ ಗೇರ್ ಸೈಕಲ್ (ಚಕ್ರ ತಿರುಗುವಷ್ಟು ಹೊತ್ತು ಪೆಡಲೂ ತಿರುಗುವಂಥದ್ದು) ಕಟ್ಟಿಕೊಂಡಿದ್ದೇನೆ. ಮುಂದೆ 46 ಹಲ್ಲು, ಹಿಂದೆ 16. ಡ್ರಾಪ್‌ಔಟ್ (ಚಕ್ರದ ಆಕ್ಸಲ್ ಕೂರುವ ಫ್ರೇಮಿನ ಸೀಳು) ಹಿಂದಕ್ಕೆ ಬಾಯಿ ಬಿಟ್ಟಿರುವ ಥರದ್ದು. ಆಕ್ಸಲ್ 10 ಮಿ.ಮೀ., ನಟ್ಟು ಬಿಗಿಯುವಂಥದ್ದು.

ಚೈನು ಪದೇ ಪದೇ ಸಡಿಲ ಆಗುತ್ತಿತ್ತು ಅಂತ ಎರಡೂ ಕಡೆ ಚೈನ್ ಟಗ್ (ಬೋಲ್ಟು ತಿರುಗಿಸಿ ಆಕ್ಸಲನ್ನು ಹಿಂದಕ್ಕೆ ಎಳೆಯುವ ಪಟ್ಟಿ) ಹಾಕಿದೆ. ಆದರೂ ಏರಿನಲ್ಲಿ ಎದ್ದು ನಿಂತು ತುಳಿದರೆ ಚಕ್ರದ ಬಲಗಡೆ ಮುಂದಕ್ಕೆ ಜರುಗಿ, ಟೈರು ಎಡಗಡೆಯ ಚೈನ್‌ಸ್ಟೇಗೆ (ಪೆಡಲಿನ ಕಡೆಯಿಂದ ಹಿಂದಿನ ಚಕ್ರಕ್ಕೆ ಹೋಗುವ ಫ್ರೇಮಿನ ಕೊಳವೆಗೆ) ಉಜ್ಜುತ್ತದೆ. ನಿನ್ನೆ ನೋಡಿದರೆ ಬಲಗಡೆ ಟಗ್‌ನ ಬೋಲ್ಟೇ ಬಗ್ಗಿದೆ! ಇನ್ನೊಂದು ವಿಷಯ, ಕ್ರ್ಯಾಂಕ್ (ಪೆಡಲಿನ ತೋಳು) ಒಂದು ಸುತ್ತು ತಿರುಗಿಸಿದರೆ ಒಂದು ಕಡೆ ಚೈನು ತಂತಿಯ ಹಾಗೆ ಬಿಗಿ, ಇನ್ನೊಂದು ಕಡೆ ಜೋತು ಬೀಳುತ್ತದೆ. ಇದನ್ನೆಲ್ಲ ತೆಗೆದು ಸ್ಪ್ರಿಂಗ್ ಮತ್ತು ರೋಲರ್ ಇರುವ ಟೆನ್ಷನರ್ ಹಾಕಿಬಿಡಲಾ?

ಉತ್ತರ:

ಮೊದಲು ಕೊನೆಯ ಪ್ರಶ್ನೆಗೆ: ಬೇಡ. ರೋಲರ್ ಟೆನ್ಷನರ್ ಫಿಕ್ಸೆಡ್ ಗೇರಿಗೆ ಹಾಕಲೇಬಾರದು. ಫ್ರೀವೀಲ್ ಇರುವ, ಅಂದರೆ ಪೆಡಲು ನಿಲ್ಲಿಸಿದರೂ ಚಕ್ರ ತಿರುಗುವ, ಸಿಂಗಲ್ ಸ್ಪೀಡಿನಲ್ಲಿ ಮೇಲಿನ ಚೈನು ಮಾತ್ರ ಎಳೆಯುತ್ತದೆ, ಕೆಳಗಿನದು ಯಾವಾಗಲೂ ಸಡಿಲ. ಆ ಸಡಿಲವನ್ನು ರೋಲರ್ ಹಿಡಿದುಕೊಳ್ಳುತ್ತದೆ, ಅಷ್ಟೇ ಅದರ ಕೆಲಸ. ಫಿಕ್ಸೆಡ್‌ನಲ್ಲಿ ನೀವು ವೇಗ ಇಳಿಸಲು ಪೆಡಲನ್ನು ತಡೆದ ಕೂಡಲೇ ಕೆಳಗಿನ ಚೈನು ಎಳೆತಕ್ಕೆ ಬರುತ್ತದೆ. ಕಾಲಿನ ಪೂರ್ತಿ ಬಲ ಆ ಸಣ್ಣ ತೋಳಿನ ಮೇಲೆ ಬಿದ್ದು ಅದು ಬಗ್ಗುತ್ತದೆ ಇಲ್ಲ ಮುರಿಯುತ್ತದೆ, ಚೈನು ಕಳಚಿಕೊಂಡು ಚಕ್ರಕ್ಕೆ ಸಿಕ್ಕಿ ಹಿಂದಿನ ಚಕ್ರ ಓಡುವಾಗಲೇ ಕಚ್ಚಿಕೊಳ್ಳಬಹುದು. ಕಾಲಿನಿಂದ ಹಿಂದಕ್ಕೆ ತುಳಿದು ಬ್ರೇಕ್ ಹಿಡಿಯುವ ಕೋಸ್ಟರ್ ಹಬ್ಬಿಗೂ ಇದೇ ಮಾತು.

ಈಗ ನಿಮ್ಮ ಟಗ್ ವಿಷಯ. ಬೋಲ್ಟು ಬಗ್ಗಿದೆ ಅಂದರೆ ಚಕ್ರವನ್ನು ಹಿಡಿದಿದ್ದು ಆ ಬೋಲ್ಟು ಮಾತ್ರ, ನಟ್ಟು ಹಿಡಿದೇ ಇಲ್ಲ. ಟಗ್ ಇರುವುದು ಚಕ್ರವನ್ನು ಸರಿಯಾದ ಜಾಗಕ್ಕೆ ಎಳೆದು ತರಲಿಕ್ಕೆ. ಅಲ್ಲೇ ಹಿಡಿದಿಡುವುದು ನಟ್ಟಿನ ಕೆಲಸ. ಲೆಕ್ಕ ಹಾಕಿ ನೋಡಿ: 70 ಕೆ.ಜಿ. ತೂಕದವರು 170 ಮಿ.ಮೀ. ಕ್ರ್ಯಾಂಕಿನ ಮೇಲೆ ಪೂರ್ತಿ ಭಾರ ಬಿಟ್ಟರೆ, 46 ಹಲ್ಲಿನ ಚೈನ್‌ರಿಂಗಿನಲ್ಲಿ (ಮುಂದಿನ ಹಲ್ಲುಚಕ್ರದಲ್ಲಿ) ಚೈನಿನ ಎಳೆತ ಸುಮಾರು 130 ಕೆ.ಜಿ. ತೂಗು ಹಾಕಿದಷ್ಟು. ಹ್ಯಾಂಡಲ್ ಎಳೆದು ತುಳಿದರೆ ಇನ್ನೂ ಜಾಸ್ತಿ. ಅದೂ ಬಲಗಡೆ ಮಾತ್ರ. ಒಂದು ಸಣ್ಣ ಬೋಲ್ಟು ಎಷ್ಟು ಅಂತ ತಡೆಯುತ್ತದೆ?

ಬಲಗಡೆ ನಟ್ಟು ಬಿಚ್ಚಿ ಮೂರು ವಿಷಯ ಹೇಳಿ. ಯಾವುದರ ಮೇಲೆ ಯಾವುದು ಕೂತಿದೆ? ಟಗ್ ಪಟ್ಟಿಯ ತೂತು ಎಷ್ಟು ಅಗಲ? ಡ್ರಾಪ್‌ಔಟ್ ಮೇಲೆ ಪೇಂಟ್ ಇದೆಯಾ?

ಕೇಳಿದವರು:

ಬಿಚ್ಚಿದೆ. ಫ್ರೇಮು, ಅದರ ಹೊರಗೆ ಟಗ್ ಪಟ್ಟಿ, ಆಮೇಲೆ ತೆಳು ವಾಷರ್, ಆಮೇಲೆ ಸಾದಾ ನಟ್ಟು. ಪಟ್ಟಿಯ ತೂತು ಅಳೆದರೆ 14 ಮಿ.ಮೀ. ಇದೆ. ವಾಷರ್ ಚಪ್ಪಟೆಯಾಗಿಲ್ಲ, ನಡುವೆ ತಗ್ಗು ಬಿದ್ದು ತಟ್ಟೆಯ ಹಾಗಾಗಿದೆ. ಡ್ರಾಪ್‌ಔಟ್ ಮೇಲೆ ಪೇಂಟ್ ಇತ್ತು, ಈಗ ನಟ್ಟು ಕೂತ ಜಾಗದಲ್ಲಿ ಈರುಳ್ಳಿ ಸಿಪ್ಪೆಯ ಹಾಗೆ ಸುಕ್ಕುಗಟ್ಟಿ ಎದ್ದಿದೆ. ಮತ್ತೆ... ತುಕ್ಕು ಹಿಡಿಯಬಾರದು ಅಂತ ಪಟ್ಟಿಯ ಎರಡೂ ಮುಖಕ್ಕೆ ಗ್ರೀಸ್ ಹಚ್ಚಿದ್ದೆ.

ಉತ್ತರ:

ಸಿಕ್ಕಿತು ನೋಡಿ. ಬೋಲ್ಟಿನ ಗುಣಮಟ್ಟದ ಪ್ರಶ್ನೆಯೇ ಅಲ್ಲ.

14 ಮಿ.ಮೀ. ತೂತು ಬಿಎಂಎಕ್ಸ್ (ಸಾಹಸದ ಸಣ್ಣ ಸೈಕಲ್) ಆಕ್ಸಲ್‌ದು. ನಿಮ್ಮ 10 ಮಿ.ಮೀ. ಆಕ್ಸಲ್ ಆ ತೂತಿನ ಒಂದು ಅಂಚಿಗೆ ಒರಗಿಕೊಂಡಿದೆ, ಇನ್ನೊಂದು ಕಡೆ ವಾಷರ್ ಕೆಳಗೆ ಖಾಲಿ. ನಟ್ಟು ಬಿಗಿದಾಗ ವಾಷರ್ ಆ ಖಾಲಿ ಜಾಗಕ್ಕೆ ಕುಸಿದಿದೆ. ಕೈಗೆ ಬಿಗಿಯಾಗಿದೆ ಅನ್ನಿಸುತ್ತದೆ, ಆದರೆ ಫ್ರೇಮಿನ ಮೇಲೆ ಹಿಡಿತವೇ ಇಲ್ಲ. ಅದರ ಕೆಳಗೆ ಗ್ರೀಸು, ಅದರ ಕೆಳಗೆ ಮೆತ್ತನೆಯ ಪೇಂಟು. ಜರುಗದೆ ಇನ್ನೇನಾಗುತ್ತದೆ? ಗ್ರೀಸ್ ಹಚ್ಚಿದ ಉದ್ದೇಶ ಒಳ್ಳೆಯದೇ, ಆದರೆ ಅದು ಇರಬೇಕಾದದ್ದು ಆಕ್ಸಲಿನ ಥ್ರೆಡ್ಡಿನ ಮೇಲೆ, ಮುಖದ ಮೇಲಲ್ಲ.

10 ಮಿ.ಮೀ. ತೂತಿನ ಟಗ್ ತನ್ನಿ, ಇಲ್ಲವೇ ಇದೇ ಪಟ್ಟಿಗೆ ಕೂರುವ ಅಡಾಪ್ಟರ್ ವಾಷರ್ ಹಾಕಿ. ಬಗ್ಗಿದ ಬೋಲ್ಟನ್ನು ನೆಟ್ಟಗೆ ಮಾಡಿ ಮತ್ತೆ ಬಳಸಬೇಡಿ. ನಟ್ಟು, ಟಗ್, ಹಬ್‌ನ ಲಾಕ್‌ನಟ್ ಮುಟ್ಟುವ ಜಾಗದಲ್ಲಿ, ಒಳಗೂ ಹೊರಗೂ, ಮರಳು ಕಾಗದದಿಂದ ಪೇಂಟ್ ತೆಗೆದು ಲೋಹ ಕಾಣಿಸಿ. ಅಷ್ಟು ಅಗಲ ಮಾತ್ರ, ಸುತ್ತ ಇರುವ ಪೇಂಟ್ ಇರಲಿ. ಗ್ರೀಸ್ ಪೂರ್ತಿ ಒರೆಸಿ. ಸಾದಾ ನಟ್ಟಿನ ಬದಲು ವಾಷರ್ ಜೊತೆಗೇ ಕೂಡಿಕೊಂಡಿರುವ ಟ್ರ್ಯಾಕ್ ನಟ್ ಹಾಕಿ. ಅದರಲ್ಲಿ ನಟ್ಟು ತಿರುಗಿದರೂ ವಾಷರ್ ನಿಂತಲ್ಲೇ ಇರುತ್ತದೆ, ಹಾಗಾಗಿ ಬಿಗಿಯುವಾಗ ಆಕ್ಸಲ್ ಎಳೆದುಕೊಂಡು ಹೋಗುವುದಿಲ್ಲ. ಟಗ್ ಪಟ್ಟಿ ದಪ್ಪ ಇದ್ದರೆ ಥ್ರೆಡ್ ಕಡಿಮೆ ಬೀಳಬಹುದು. ನಟ್ಟು ಪೂರ್ತಿ ಕೂತು ಹೊರಗೆ ಒಂದೆರಡು ಸುತ್ತು ಥ್ರೆಡ್ ಕಾಣಬೇಕು.

ಕೂರಿಸುವಾಗ ನಟ್ಟುಗಳನ್ನು ಬೆರಳಿನಲ್ಲೇ ಬಿಗಿದು, ಟಗ್ ಬೋಲ್ಟುಗಳನ್ನು ಕಾಲು ಕಾಲು ಸುತ್ತು ತಿರುಗಿಸುತ್ತಾ ಹೋಗಿ. ಚೈನಿನ ಬಿಗಿ ಬಲಗಡೆಯ ಬೋಲ್ಟಿನಿಂದ, ಚಕ್ರ ನಡುವೆ ಬರುವುದು ಎಡಗಡೆಯದರಿಂದ. ಆಮೇಲೆ 15 ಮಿ.ಮೀ. ಸ್ಪ್ಯಾನರ್‌ನಿಂದ ಎರಡೂ ನಟ್ಟು ಸ್ವಲ್ಪ ಸ್ವಲ್ಪವೇ ಬಿಗಿಯಿರಿ. ಟಾರ್ಕ್ ವ್ರೆಂಚ್ ಇದ್ದರೆ 30 ರಿಂದ 40 ನ್ಯೂಟನ್ ಮೀಟರ್. ಹಬ್ಬಿನ ಜೊತೆ ಬೇರೆ ಅಂಕಿ ಕೊಟ್ಟಿದ್ದರೆ ಅದನ್ನೇ ನಂಬಿ.

ಇನ್ನೊಬ್ಬರು:

ಬಿಗಿ-ಸಡಿಲದ ಬಗ್ಗೆ ನಾನು ಹೇಳುತ್ತೇನೆ. ಚೈನ್‌ರಿಂಗ್ ಕ್ರ್ಯಾಂಕಿನ ನಡುವಿಗೆ ಸರಿಯಾಗಿ ಕೂತಿಲ್ಲ, ಅದಕ್ಕೇ ಹೀಗೆ. ಚೈನ್‌ರಿಂಗ್ ಬೋಲ್ಟುಗಳನ್ನು ರಿಂಗು ತಟ್ಟಿದರೆ ಮಾತ್ರ ಅಲುಗುವಷ್ಟು ಸಡಿಲಿಸಿ. ಕ್ರ್ಯಾಂಕ್ ನಿಧಾನಕ್ಕೆ ತಿರುಗಿಸಿ, ತೀರಾ ಬಿಗಿ ಇರುವ ಜಾಗದಲ್ಲಿ ಪೂರ್ತಿ ನಿಲ್ಲಿಸಿ. ನಿಂತ ಮೇಲೆ ಸ್ಕ್ರೂಡ್ರೈವರ್ ಹಿಡಿಯಿಂದ ಚೈನಿನ ನಡುವೆ ಮೆಲ್ಲಗೆ ತಟ್ಟಿ. ರಿಂಗು ಒಂದು ಕೂದಲಷ್ಟು ಜರುಗುತ್ತದೆ. ಇನ್ನೊಂದು ಬಿಗಿ ಜಾಗ ಹುಡುಕಿ, ಮತ್ತೆ ತಟ್ಟಿ. ಮೂರು ನಾಲ್ಕು ಸಲ ಮಾಡಿ ಬೋಲ್ಟು ಬಿಗಿಯಿರಿ. ಪೂರ್ತಿ ಸಮ ಆಗದಿರಬಹುದು, ಪರವಾಗಿಲ್ಲ. ತೀರಾ ಬಿಗಿ ಇರುವ ಜಾಗದಲ್ಲಿ ಚೈನಿನ ನಡುಭಾಗ ಮೇಲಕ್ಕೂ ಕೆಳಕ್ಕೂ ಸೇರಿ ಸುಮಾರು 12 ಮಿ.ಮೀ. ಆಡಬೇಕು. ಅದಕ್ಕಿಂತ ಬಿಗಿಯಾದರೆ ಹಬ್ಬಿನ ಬೇರಿಂಗ್ ಸವೆಯುತ್ತದೆ.

ದಯವಿಟ್ಟು ಒಂದು ಮಾತು ಕೇಳಿ. ಚಕ್ರ ತಿರುಗುತ್ತಿರುವಾಗ ಚೈನಿನ ಹತ್ತಿರ ಬೆರಳು, ಬಟ್ಟೆ ಏನೂ ಒಯ್ಯಬೇಡಿ. ಫಿಕ್ಸೆಡ್‌ನಲ್ಲಿ ಚೈನು ತಾನಾಗಿ ನಿಲ್ಲುವುದಿಲ್ಲ, ಚಕ್ರದ ತೂಕವೇ ಅದನ್ನು ಎಳೆದುಕೊಂಡು ಹೋಗುತ್ತದೆ. ಬೆರಳು ಕಳೆದುಕೊಂಡವರಿದ್ದಾರೆ.

ಚೈನು ಹಳೆಯದಾ? 24 ಪಿಚ್ (ಪಕ್ಕಪಕ್ಕದ ಪಿನ್ನುಗಳ ನಡುವಿನ ಅಂತರ) ಉದ್ದ, ಪಿನ್ನಿನಿಂದ ಪಿನ್ನಿಗೆ, ಹೊಸದರಲ್ಲಿ 304.8 ಮಿ.ಮೀ. ಇರುತ್ತದೆ. 306.4 ದಾಟಿದ್ದರೆ ಬದಲಾಯಿಸಿ.

ಕೇಳಿದವರು:

ಎಲ್ಲ ಮಾಡಿದೆ. ಚೈನು ಅಳೆದರೆ 305, ಅದನ್ನೇ ಉಳಿಸಿಕೊಂಡೆ. ರಿಂಗ್ ನಾಲ್ಕು ಸಲ ತಟ್ಟಿದ ಮೇಲೆ ಜೋತು ಬೀಳುವುದು ನಿಂತಿತು. 10 ಮಿ.ಮೀ. ಟಗ್, ಟ್ರ್ಯಾಕ್ ನಟ್ ಹಾಕಿ, ನಟ್ಟಿನ ಅಂಚಿಗೆ ಫ್ರೇಮಿನ ಮೇಲೆ ಮಾರ್ಕರ್‌ನಿಂದ ಒಂದು ಗೆರೆ ಎಳೆದೆ. ಇವತ್ತು ಅದೇ ಏರನ್ನು ಐದು ಸಲ ನಿಂತು ತುಳಿದು ಬಂದೆ. ಗೆರೆ ಎಲ್ಲಿತ್ತೋ ಅಲ್ಲೇ ಇದೆ! ಇಬ್ಬರಿಗೂ ತುಂಬಾ ಥ್ಯಾಂಕ್ಸ್.

ಉತ್ತರ:

ತುಂಬಾ ಖುಷಿಯಾಯಿತು. ಗೆರೆ ಅಳಿಸಬೇಡಿ. ಪೇಂಟ್ ಉಳಿದ ಅಂಚು ಇನ್ನೂ ಸ್ವಲ್ಪ ಕುಗ್ಗಬಹುದು, ಹಾಗಾಗಿ ಮುಂದಿನ ಎರಡು ಮೂರು ಸವಾರಿ ಆದ ಮೇಲೆ ನಟ್ಟುಗಳನ್ನು ಇನ್ನೊಮ್ಮೆ ಬಿಗಿದು ನೋಡಿ, ಎಡಗಡೆಯದನ್ನೂ.